ಏರಿ ಮೇಲೆ ಬೈದ ಮಾತು

ದೊಡ್ಡಕಟ್ಟೆ, ಹೊಸದುರ್ಗ ತಾಲ್ಲೂಕು
೧೧ ಜುಲೈ ೨೦೨೫, ಶುಕ್ರವಾರ

ಮುದ್ದು ಕಾವ್ಯಾ,

ಹೇಗಿದ್ದೀಯ? ರಾಣೆಬೆನ್ನೂರಿನ ನೀರು ಮೈಗೆ ಒಗ್ಗಿತೋ ಇಲ್ಲವೋ? ತಲೆಕೂದಲು ಉದುರುತ್ತಿದೆ ಎಂದು ನಿನ್ನ ಸೋದರಮಾವನ ಮನೆಯ ಅತ್ತೆ ನಿಮ್ಮಮ್ಮನಿಗೆ ಫೋನಿನಲ್ಲಿ ಹೇಳಿದಳಂತೆ. ಬೀಜದ ಗೋಡೌನಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡು, ಆ ಬೀಜಕ್ಕೆ ಬಳಿದಿರುವುದು ಬಣ್ಣವಲ್ಲ, ಔಷಧಿ. ಊಟಕ್ಕೆ ಮುಂಚೆ ಮೊಣಕೈವರೆಗೂ ಸೋಪು ಹಚ್ಚಿ ತೊಳೆ. ಎರಡನೇ ಕ್ಲಾಸಿನ ಮಕ್ಕಳಿಗೆ ಹೇಳಿದ ಹಾಗೆ ಹೇಳುತ್ತಾಳಲ್ಲ ಈ ಮುದುಕಿ ಎಂದು ನಗಬೇಡ, ಮೂವತ್ತಾರು ವರ್ಷ ಮೇಷ್ಟ್ರಮ್ಮನಾಗಿದ್ದವಳ ಬಾಯಿಗೆ ಬೇರೆ ಮಾತು ಹೇಗೆ ಬಂದೀತು! ನನ್ನ ಮಂಡಿ ಹಾಗೇ ಇದೆ, ಸಕ್ಕರೆ ಇನ್ನೂರ ಹತ್ತಕ್ಕೆ ಹತ್ತಿ ಕುಳಿತಿದೆ. ನಿಮ್ಮಪ್ಪ ಬಸವೇಶ ನನ್ನ ಟೀಗೆ ಸಕ್ಕರೆ ಹಾಕಿದವರ ಕೈ ಮುರಿಯುತ್ತೇನೆ ಎಂದು ಹೇಳಿ ತಾನೇ ಎರಡು ಚಮಚ ಹಾಕಿಕೊಂಡು ನನ್ನೆದುರಿಗೇ ಕುಡಿಯುತ್ತಾನೆ.

ನಿನ್ನ ಕಾಗದ ಹೋದ ವಾರ ಬಂತು. ಎಂಟು ತಿಂಗಳಿಗೆ ಒಂದು ಕಾಗದ, ಅದರಲ್ಲೂ ಒಂಬತ್ತು ಸಾಲು! ಫೋನು ಮುಟ್ಟುವುದಿಲ್ಲ ಎಂದು ಹಟ ಹಿಡಿದ ಮೇಲೆ ಕಾಗದವನ್ನಾದರೂ ಉದ್ದಕ್ಕೆ ಬರೆಯಬೇಕೋ ಬೇಡವೋ? ಆ ಒಂಬತ್ತು ಸಾಲನ್ನು ಓದಿ ನನಗೆ ಊಟ ಸೇರಲಿಲ್ಲ. ಅರ್ಧಕ್ಕೆ ಬಿಟ್ಟ ಕೊನೆಯ ವರ್ಷದ ಬಿಎಸ್ಸಿಗೆ ಮತ್ತೆ ಸೇರುವುದಿಲ್ಲ, ಗೋಡೌನಿನಲ್ಲೇ ಇರುತ್ತೇನೆ, ಒಬ್ಬ ಮುದುಕಿಯ ಮಾನ ಕಳೆದವಳು ಗುಡ್ಡ, ಮಳೆ, ಪರಿಸರ ಎಂದು ಬಾಯಿ ತೆಗೆಯುವುದಕ್ಕೇ ಲಾಯಕ್ಕಿಲ್ಲ ಎಂದು ಬರೆದಿದ್ದೀಯ. ಪುಟ್ಟಕ್ಕ ಹೂಂ ಅಂದಿದ್ದರೂ ನಾನೇ ಹೋಗಿ ಆ ವೀಡಿಯೊ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ತಿಳಿಸಿ ಹೇಳಬೇಕಿತ್ತು ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೀಯ. ನಿಮ್ಮ ಕಾಲೇಜಿನಲ್ಲಿ ದಾಖಲಾತಿಗೆ ಇದೇ ಇಪ್ಪತ್ತೈದು ಕೊನೆಯ ದಿನ. ಬಸವೇಶ ಹೋಗಿ ವಿಚಾರಿಸಿ ಬಂದಿದ್ದಾನೆ. ಇನ್ನು ಎರಡೇ ವಾರ. ಅದಕ್ಕೇ ಇಷ್ಟು ಅವಸರವಾಗಿ ಬರೆಯಲು ಕೂತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ಕರಿಗುಡ್ಡದ ಸುದ್ದಿ ಕೇಳಿದ್ದೀಯ. ಕೇಳದಿದ್ದರೆ ಚೆನ್ನಾಗಿತ್ತು. ಯುಗಾದಿಯಾದ ಮೇಲೆ ಗಣಿಯವರಿಗೆ ಒಪ್ಪಿಗೆ ಬಂತು, ಮೇ ತಿಂಗಳಲ್ಲಿ ಯಂತ್ರಗಳು ಬಂದವು. ಈಗ ದಿನಾ ಮಧ್ಯಾಹ್ನ ಒಂದು ಗಂಟೆಗೆ ಸೈರನ್ ಕೂಗುತ್ತದೆ, ಆಮೇಲೆ ಸಿಡಿಮದ್ದು. ಪಾತ್ರೆ ಸ್ಟ್ಯಾಂಡಿನ ಲೋಟಗಳು ಒಂದಕ್ಕೊಂದು ತಾಗಿ ಗಣಗಣ ಎನ್ನುತ್ತವೆ. ಮೊದಮೊದಲು ನಮ್ಮ ಎಮ್ಮೆ ಹಗ್ಗ ಕಿತ್ತುಕೊಳ್ಳುತ್ತಿತ್ತು, ಈಗ ತಲೆ ಎತ್ತಿಯೂ ನೋಡುವುದಿಲ್ಲ. ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿದ್ದ ಗುಡ್ಡದ ತುದಿಯ ಕೋಡುಗಲ್ಲು ಹೋಯಿತು. ನೀನು ಚಿಕ್ಕವಳಿದ್ದಾಗ ಅದನ್ನು ಕುಳಿತ ಕರಡಿ ಅನ್ನುತ್ತಿದ್ದೆ. ಅದರ ಕೆಳಗಿನ ಒರತೆಗಳಲ್ಲಿ ಎರಡು ಆಗಲೇ ನಿಂತವು ಎಂದು ಮೇಕೆ ಮೇಯಿಸುವವರು ಹೇಳುತ್ತಾರೆ. ಕೆರೆಗೆ ಬರುವುದು ಆ ಒರತೆಗಳ ನೀರೇ ಎಂಬುದು ನಿನಗೆ ನಾನು ಹೇಳಬೇಕಾಗಿಲ್ಲ, ನೀನೇ ಊರಿಗೆಲ್ಲ ಹೇಳಿದವಳು. ಆರಿದ್ರಾ ಮಳೆ ಈ ವರ್ಷವೂ ಕೈಕೊಟ್ಟಿತು. ಪುನರ್ವಸುವಿನಲ್ಲಿ ಎರಡು ಹನಿ ಬಿತ್ತು, ಅಂಗಳದ ದೂಳೂ ಅಡಗಲಿಲ್ಲ. ನೀನು ಗೋಡೆಗೆ ನೇತುಹಾಕಿದ್ದ ಮಳೆ ಅಳೆಯುವ ಬಾಟಲಿಯಲ್ಲಿ ಜೇಡ ಗೂಡು ಕಟ್ಟಿದೆ.

ನಿನಗೆ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀವು ಮಕ್ಕಳು ತಪ್ಪು ದಾರಿಯಲ್ಲಿ ಹೊರಟವರಲ್ಲ. ನೀನು, ಹೊಳಲ್ಕೆರೆಯ ಆ ನಿನ್ನ ಕ್ಲಾಸಿನ ಹುಡುಗ ವಿನೋದ್, ಇನ್ನಿಬ್ಬರು ಹುಡುಗಿಯರು ಸೇರಿ ‘ಕರಿಗುಡ್ಡ ಉಳಿಸಿ’ ಎಂದು ಇನ್‌ಸ್ಟಾಗ್ರಾಮಿನಲ್ಲಿ ಪೇಜು ಶುರು ಮಾಡಿದಾಗ ನಾನು ಮುಖ ಸೊಟ್ಟ ಮಾಡಿದ್ದು ನಿಜ. ಆಮೇಲೆ ನೋಡಿದರೆ ಎಷ್ಟು ಶ್ರದ್ಧೆ! ನಲವತ್ತು ವರ್ಷದ ಮಳೆ ಲೆಕ್ಕವನ್ನು ತಾಲ್ಲೂಕು ಕಚೇರಿಯಿಂದ ಬರೆದುಕೊಂಡು ಬಂದು, ಬಣ್ಣಬಣ್ಣದ ಗೆರೆ ಎಳೆದು ಹಾಕಿದೆ. ಭೂಮಿ ಬಿಸಿಯಾಗುತ್ತಿರುವುದು ಎಲ್ಲೋ ಹಿಮದ ದೇಶದಲ್ಲಲ್ಲ, ನಮ್ಮ ರಾಗಿ ಹೊಲದಲ್ಲಿ ಎಂದು ಬರೆದೆ. ಅದನ್ನು ನೋಡಿದವರು ಇನ್ನೂರ ಹನ್ನೆರಡು ಜನ. ಆಮೇಲೆ ನಮ್ಮ ಪುಟ್ಟಕ್ಕನ ಹಿಂದೆ ಗುಡ್ಡ ಹತ್ತಿದೆ. ನಲವತ್ತು ವರ್ಷ ನಮ್ಮ ಮನೆಯಲ್ಲಿ ಕೊಟ್ಟಿಗೆ ಬಳಿದು, ಉಳಿದ ಹೊತ್ತು ಗುಡ್ಡದಲ್ಲಿ ಮೇಕೆ ಮೇಯಿಸಿದವಳು, ಏಳು ಒರತೆಗಳನ್ನೂ ಒಂದೊಂದಾಗಿ ಹೆಸರು ಹಿಡಿದು ತೋರಿಸಿದಳು. ವೀಡಿಯೊ ತೆಗೆಯುವ ಮುಂಚೆ ನೀನು ಅವಳನ್ನು ಕೇಳಿದೆಯಂತೆ, ಅವಳು ನಾಚಿಕೊಂಡು ಸೆರಗು ಸರಿಮಾಡಿಕೊಂಡು, ‘ತಕ್ಕಳವ್ವ, ಗುಡ್ಡಕ್ಕೆ ಒಳ್ಳೇದಾಗಂಗಿದ್ರೆ ತಕ್ಕ’ ಅಂದಳಂತೆ. ಅದು ಏಳು ನಿಮಿಷದ ವೀಡಿಯೊ. ಮುನ್ನೂರ ನಲವತ್ತು ಜನ ನೋಡಿದರು. ಮೂವತ್ತು ಸೆಕೆಂಡು ಮೀರಿದರೆ ಯಾರೂ ನಿಲ್ಲುವುದಿಲ್ಲ ಅಜ್ಜಿ ಎಂದು ನೀನು ಸಪ್ಪಗೆ ಕೂತಿದ್ದೆ.

ಆಗ ನಿನಗಿಂತ ಹೆಚ್ಚು ಹೊಟ್ಟೆ ಉರಿದದ್ದು ನನಗೆ. ನೀನು ನನ್ನ ಫೋನಿಗೂ ಆ ಪೇಜನ್ನು ಹಾಕಿಕೊಟ್ಟಿದ್ದೆಯಲ್ಲ, ಬೆಳಗ್ಗೆ ಎದ್ದು ವಿಭೂತಿ ಹಚ್ಚುವ ಮುಂಚೆ ನಾನು ಆ ಅಂಕಿಯನ್ನು ನೋಡುತ್ತಿದ್ದೆ. ಒಂದು ಹುಡುಗಿ ತುಟಿಗೆ ಬಣ್ಣ ಬಳಿದುಕೊಂಡು ಬಾಯಿ ಆಡಿಸಿದರೆ ಹತ್ತು ಲಕ್ಷ, ನನ್ನ ಮೊಮ್ಮಗಳು ಬಿಸಿಲಲ್ಲಿ ಸುಟ್ಟುಕೊಂಡು ಗುಡ್ಡ ಹತ್ತಿದರೆ ಮುನ್ನೂರ ನಲವತ್ತು! ಲೋಕಕ್ಕೆ ಬಂದ ಕೇಡು ನೋಡು ಎಂದು ಸಿಕ್ಕವರಿಗೆಲ್ಲ ಹೇಳಿದ್ದೇ ಹೇಳಿದ್ದು. ಏನಾದರೂ ಮಾಡಿ ಆ ಅಂಕಿ ಏರಬೇಕು ಎಂಬ ಚಪಲ ನನಗೆ ಹತ್ತಿತ್ತು. ಇದನ್ನು ನಿನಗೆ ಆಗ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಆ ಹೊತ್ತಿಗೆ ಬಂದದ್ದು ಮಳೆರಾಯನ ಪೂಜೆ. ಹೋದ ವರ್ಷ ಇದೇ ದಿನಗಳು. ಆರಿದ್ರಾ ಒಣಗಿಹೋದರೆ ನಮ್ಮೂರ ಹೆಂಗಸರು ಕೆರೆಯ ಜೇಡಿಮಣ್ಣಿನಲ್ಲಿ ಮಳೆರಾಯನನ್ನು ಮಾಡಿ, ಹಲಗೆಯ ಮೇಲೆ ಕೂರಿಸಿ, ಎರಡು ದಿನ ಮನೆಮನೆಗೆ ಹೊತ್ತು ತಿರುಗುತ್ತಾರೆ. ಮೂರನೇ ದಿನ ಅವನನ್ನು ಕೆರೆ ಏರಿಯ ಮೇಲಿಟ್ಟು ಗಂಡ ಸತ್ತ ಒಬ್ಬ ಹಿರಿಯಳು ಬಾಯಿಗೆ ಬಂದ ಹಾಗೆ ಬೈಯಬೇಕು. ಇಪ್ಪತ್ತು ವರ್ಷದಿಂದ ಬೈಯುವವಳು ಪುಟ್ಟಕ್ಕನೇ. ಆ ಹೊತ್ತಿನಲ್ಲಿ ಗಂಡಸರು ಯಾರೂ ಅತ್ತ ಸುಳಿಯುವಂತಿಲ್ಲ. ಬೈದಾದ ಮೇಲೆ ಎಲ್ಲ ಹೆಂಗಸರೂ ಕೆರೆಯ ನೀರಿನಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿ ಉಗಿದು ಮನೆಗೆ ಬರುತ್ತಾರೆ. ಅಲ್ಲಿ ಆಡಿದ ಮಾತನ್ನು ಊರೊಳಗೆ ಯಾರೂ ಎತ್ತುವುದಿಲ್ಲ, ಗಂಡನಿಗೂ ಹೇಳುವುದಿಲ್ಲ, ತಮ್ಮ ತಮ್ಮಲ್ಲೂ ನೆನೆಸಿ ನಗುವುದಿಲ್ಲ. ನಾನು ಮದುವೆಯಾಗಿ ಬಂದಾಗ ನನ್ನ ಅತ್ತೆ ಕಲಿಸಿದ ಮೊದಲ ಶಿಸ್ತು ಅದು. ಪುಟ್ಟಕ್ಕ ಆವತ್ತು ಬೈದದ್ದು ಮಳೆರಾಯನನ್ನೋ, ಬಾವಿ ತೋಡಲು ಹೋಗಿ ಮಣ್ಣು ಕುಸಿದು ಸತ್ತ ತನ್ನ ಗಂಡನನ್ನೋ ಯಾರಿಗೆ ಗೊತ್ತು? ಹೆಣ್ಣು ಒಂಟಿ ಹಾಸಿಗೆಯಲ್ಲಿ ಕೂತು ಆಡುವ ಮಾತುಗಳು ಅವು. ಯಾರ ಮನೆಯಲ್ಲಿ ಮಲಗಿದ್ದೀಯೋ, ನನ್ನ ಮೈ ಒಣಗಿದ ಮೇಲೆ ಬಂದು ಏನು ಮಾಡ್ತೀಯೋ ಎಂದು ಕೂಗುತ್ತಾ ಅವಳು ಎದೆ ಬಡಿದುಕೊಂಡಾಗ ನನ್ನ ಕಣ್ಣಲ್ಲೂ ನೀರು ಬಂತು. ನೀನು ಫೋನು ಹಿಡಿದುಕೊಂಡು ನನ್ನ ಪಕ್ಕದಲ್ಲಿದ್ದೆ. ವೀಡಿಯೊ ಹಿಡಿದುಕೊಳ್ಳಲೇ ಎಂದು ಕಣ್ಣಲ್ಲೇ ಕೇಳಿದ್ದೆ, ನಾನು ಹೂಂ ಎಂದು ತಲೆ ಆಡಿಸಿದ್ದೆ.

ಮೂರು ದಿನ ಬಿಟ್ಟು ಅದನ್ನು ನೀವು ಮೂವತ್ತು ಸೆಕೆಂಡಿಗೆ ಕತ್ತರಿಸಿ ಹಾಕಿದಿರಿ. ಕೆಳಗೆ ‘ಹವಾಮಾನ ಬದಲಾದರೆ ಮೊದಲು ಅಳುವವರು ಯಾರು?’ ಎಂದು ಬರೆದಿದ್ದಿರಿ. ಒಂದೇ ವಾರಕ್ಕೆ ಹತ್ತೊಂಬತ್ತು ಲಕ್ಷ! ನಿಮ್ಮ ಪೇಜಿಗೆ ಅರವತ್ತೆರಡು ಸಾವಿರ ಜನ ಬಂದು ಸೇರಿದರು. ಕೆಂಪು ಹೃದಯ ಹಾಕಿದರು, ಅತ್ತರು, ಕರಿಗುಡ್ಡಕ್ಕೆ ನಾವಿದ್ದೇವೆ ಎಂದರು. ನಾನು ಬಸವೇಶನಿಗೆ ಜಂಬದಿಂದ ತೋರಿಸಿದೆ. ಎರಡನೇ ವಾರ ಯಾವನೋ ಹಾಳಾದವನು ಪುಟ್ಟಕ್ಕನ ದನಿಗೆ ಡಿಜೆ ಕೂಡಿಸಿ ಬಿಟ್ಟ. ಅದು ಟ್ರ್ಯಾಕ್ಟರಿನಲ್ಲಿ ಬಂತು, ಮದುವೆ ಮೆರವಣಿಗೆಯಲ್ಲಿ ಬಂತು, ಹಿರಿಯೂರಿನ ಹೈವೇ ಬಸ್ಸಿನಲ್ಲಿ ಬಂತು. ಜವನಗೊಂಡನಹಳ್ಳಿಯ ನಮ್ಮ ಬೀಗರು ಫೋನು ಮಾಡಿ, ‘ಅದು ನಿಮ್ಮನೇ ಕೆಲಸದಾಕಿ ಅಂತೆ ಹೌದೇನ್ರಿ’ ಎಂದು ಕೇಳಿದರು. ಪುಟ್ಟಕ್ಕನ ಮಗ ಹನುಮೇಶ ಹೊಸದುರ್ಗದ ಸ್ಟ್ಯಾಂಡಿನಲ್ಲಿ ಆಟೊ ಓಡಿಸುವವನು. ಅವನನ್ನು ಅಲ್ಲಿ ಮಳೆರಾಯನ ಮಗ ಎಂದು ಕರೆಯಲು ಶುರು ಮಾಡಿದರು. ತನ್ನ ತಾಯಿ ಏರಿಯ ಮೇಲೆ ಏನು ಆಡುತ್ತಾಳೆ ಎಂಬುದನ್ನು ಇಪ್ಪತ್ತು ವರ್ಷ ಕೇಳದಿದ್ದ ಮಗ ಅದನ್ನು ಪರರ ಫೋನಿನಲ್ಲಿ, ತಮಟೆಯ ತಾಳಕ್ಕೆ ಕೇಳಬೇಕಾಯಿತು.

ಅವನು ನಮ್ಮ ಅಂಗಳಕ್ಕೆ ಬಂದು ನಿಂತದ್ದು ನಿನಗೆ ಮರೆತಿರಲಾರದು. ಕೂಗಾಡಲಿಲ್ಲ, ಕೈ ಎತ್ತಲಿಲ್ಲ. ‘ಯಾರ್ನ ಕೇಳಿ ಹಾಕಿದ್ರಿ? ನಮ್ಮವ್ವ ಮನ್ಯಾಗಿಂದ ಹೊರಗೆ ಬರ್ತಿಲ್ಲ, ಬಾಯಿ ಬಿಡ್ತಿಲ್ಲ. ಬೈಯದೊಂದೇ ಆಕಿಗಿತ್ತು, ಅದ್ನೂ ಕಿತ್ಕಂಡ್ರಿ’ ಎಂದ. ನೀನು ತಪ್ಪು ನನ್ನದೇ ಅಣ್ಣ ಎಂದು ಕೈ ಮುಗಿದೆ. ಅವತ್ತೇ ಪುಟ್ಟಕ್ಕ ಇದ್ದ ಎಲ್ಲ ವೀಡಿಯೊಗಳನ್ನೂ ಅಳಿಸಿದೆ, ಒರತೆಯದನ್ನೂ ಅಳಿಸಿದೆ. ಡಿಜೆಯದು ನಿನ್ನ ಕೈಯಲ್ಲಿರಲಿಲ್ಲ. ಆವತ್ತಿನಿಂದ ಪುಟ್ಟಕ್ಕ ನಮ್ಮ ಕೊಟ್ಟಿಗೆಗೆ ಕಾಲಿಟ್ಟಿಲ್ಲ.

ಗಣಿಯ ಬಗ್ಗೆ ಸರ್ಕಾರ ಕರೆದ ಅಹವಾಲು ಸಭೆ ದೀಪಾವಳಿ ಕಳೆದ ಮೇಲೆ ಬಂತು. ಸುತ್ತಿನ ಊರಿನವರು ಬಂದು ಹೆಸರು ಹೇಳಿ ಏನು ಆಕ್ಷೇಪ ಎಂದು ನುಡಿದರೆ ಅಧಿಕಾರಿಗಳು ಬರೆದುಕೊಳ್ಳುತ್ತಾರೆ, ಆಡಿದ್ದಷ್ಟೇ ಲೆಕ್ಕ ಎಂದು ನೀನು ಮಳೆರಾಯನ ಪೂಜೆಗೂ ಮುಂಚಿನಿಂದ ಓಣಿ ಓಣಿಗೆ ಹೇಳಿದ್ದೆ. ಆಗ ಪುಟ್ಟಕ್ಕನನ್ನು ಮುಂದೆ ಮಾಡಿಕೊಂಡು ನಲವತ್ತು ಹೆಂಗಸರು ಬರುತ್ತೇವೆ ಎಂದು ಒಪ್ಪಿದ್ದರು. ಒಬ್ಬಳೂ ಬರಲಿಲ್ಲ. ನಾನು ಹಿಂದಿನ ದಿನ ಆ ಹೆಂಗಸರಲ್ಲಿ ಒಬ್ಬಳಾದ ದ್ಯಾಮಮ್ಮನನ್ನು ಕರೆಯಲು ಹೋದರೆ ಅವಳು ರಾಗಿ ಕೇರುತ್ತಾ, ‘ಫೋನಿರೋ ಕಡೆ ನಾವು ಬಾಯಿ ತೆಗಿಯಲ್ಲ ಕಣಮ್ಮ’ ಎಂದಳು. ಗಂಡಸರಲ್ಲಿ ಅರ್ಧ ಜನ ಟಿಪ್ಪರ್ ಕೆಲಸದ ಆಸೆಗೆ ಆಗಲೇ ಅತ್ತ ವಾಲಿದ್ದರು. ಶಾಲೆಯ ಮೈದಾನದ ಶಾಮಿಯಾನದಲ್ಲಿ ಮುನ್ನೂರು ಕುರ್ಚಿ ಹಾಕಿದ್ದರು. ದಾವಣಗೆರೆ, ತುಮಕೂರಿನಿಂದ ನಿನ್ನ ಪೇಜಿನ ಒಂಬತ್ತು ಮಕ್ಕಳು ಬಂದಿದ್ದವು, ಪಾಪ, ಚಂದದ ಬೋರ್ಡು ಬರೆದುಕೊಂಡು. ಅವರು ಮಾತಾಡಿದಾಗ ಯಾವ ಊರು ನಿಮ್ಮದು ಎಂದು ಹಿಂದಿನಿಂದ ಯಾರೋ ಕೂಗಿ ನಕ್ಕರು. ನೀನು ಲೈವ್ ಹಚ್ಚಿದ್ದೆ. ಹನ್ನೊಂದು ಸಾವಿರ ಜನ ನೋಡುತ್ತಿದ್ದಾರೆ ಅಜ್ಜಿ ಎಂದು ನನ್ನ ಕಿವಿಯಲ್ಲಿ ಹೇಳಿದೆ. ಫೋನಿನಲ್ಲಿ ಹೃದಯಗಳು ಗುಳ್ಳೆಯ ಹಾಗೆ ಮೇಲಕ್ಕೆ ಹೋಗುತ್ತಿದ್ದವು, ಎದುರಿಗೆ ಕುರ್ಚಿಗಳು ಖಾಲಿ ಇದ್ದವು. ನಾನೇ ಎದ್ದು ಮಾತಾಡಿದೆ. ಏಳು ಒರತೆ ಇವೆ ಎಂದೆ. ಹೆಸರು ಹೇಳಿ, ಎಲ್ಲಿವೆ ಹೇಳಿ, ಬರೆದುಕೊಳ್ಳುತ್ತೇವೆ ಎಂದು ಆ ಅಧಿಕಾರಿ ಮರ್ಯಾದೆಯಿಂದಲೇ ಕೇಳಿದರು. ನಾಲ್ಕು ಹೇಳಿದೆ. ಉಳಿದ ಮೂರು ನನಗೆ ಬರಲಿಲ್ಲ. ಐವತ್ತು ವರ್ಷ ಆ ನೀರು ಕುಡಿದವಳಿಗೆ ಬರಲಿಲ್ಲ ಕಾವ್ಯಾ. ಎಲ್ಲಾ ಸೇರಿ ಹದಿನಾಲ್ಕು ಆಕ್ಷೇಪ ದಾಖಲಾಯಿತು, ಅದರಲ್ಲಿ ಊರಿನವು ಐದು.

ಆ ವಾರವೇ ನೀನು ಸಿಮ್ ಮುರಿದು ಬಚ್ಚಲ ಒಲೆಗೆ ಹಾಕಿ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಪೇಜನ್ನು ವಿನೋದ್ ಇಟ್ಟುಕೊಂಡ. ಸ್ವಲ್ಪ ದಿನ ಎಲ್ಲೋ ಇನ್ನೊಂದು ಕೆರೆ ಉಳಿಸಿ ಎಂದು ಹಾಕಿದ, ಯಾರೂ ನೋಡಲಿಲ್ಲ. ಈಗ ಅದರ ಹೆಸರು ಬದಲಾಗಿದೆ, ಹಿರಿಯೂರು ಹೈವೇ ಹೋಟೆಲುಗಳ ತಟ್ಟೆ ಇಡ್ಲಿ, ಬೆಣ್ಣೆ ದೋಸೆ ತೋರಿಸುತ್ತಾನೆ. ಆ ಅರವತ್ತೆರಡು ಸಾವಿರ ಜನ ಅಲ್ಲೇ ಇದ್ದಾರೆ, ಅದೇ ಕೆಂಪು ಹೃದಯವನ್ನು ಇಡ್ಲಿಗೆ ಹಾಕುತ್ತಾರೆ. ಅವನನ್ನು ಬೈಯಬೇಕೆನಿಸಿತು, ಆದರೆ ಮನೆಯಲ್ಲಿ ಕಷ್ಟ ಇದೆಯಂತೆ, ಸುಮ್ಮನಾದೆ. ಈ ವರ್ಷ ನಮ್ಮೂರಲ್ಲಿ ಮಳೆರಾಯನನ್ನು ಹೊರಲಿಲ್ಲ. ಜೇಡಿ ತರಲು ಯಾರೂ ಏಳಲಿಲ್ಲ. ಬೈಯುವವರು ಯಾರು ಎಂದು ಕೇಳಲು ಯಾರಿಗೂ ಬಾಯಿಲ್ಲ. ಪುಟ್ಟಕ್ಕ ಮೇಕೆಗಳನ್ನು ಮಾರಿದಳು, ಗುಡ್ಡಕ್ಕೆ ಬೇಲಿ ಬಿದ್ದ ಮೇಲೆ ಮೇಯಿಸುವುದಾದರೂ ಎಲ್ಲಿ? ಬಾಗಿಲ ಹತ್ತಿರ ಕೂತಿರುತ್ತಾಳಂತೆ, ಯಾರಾದರೂ ಫೋನು ಹಿಡಿದು ಓಣಿಯಲ್ಲಿ ಬಂದರೆ ಎದ್ದು ಒಳಗೆ ಹೋಗುತ್ತಾಳಂತೆ.

ಇಷ್ಟನ್ನೆಲ್ಲ ಯಾಕೆ ಮತ್ತೆ ಕೆದಕಿದೆ ಎಂದು ಕೋಪ ಮಾಡಿಕೊಳ್ಳಬೇಡ. ಗುಡ್ಡ ಉಳಿಯುತ್ತದೆ ಎಂದು ನಿನಗೆ ಸುಳ್ಳು ಬರೆಯಲಾರೆ. ಅದು ಹೋಗುತ್ತದೆ, ಕೆರೆಯೂ ಹೋಗುತ್ತದೆ, ನನ್ನ ಕಣ್ಣ ಮುಂದೆಯೇ ಹೋಗುತ್ತದೆ. ಮಳೆಯ ಕಾಲ ಸರಿಹೋಗುತ್ತದೆ ಎಂಬ ನಂಬಿಕೆಯೂ ನನಗಿಲ್ಲ. ಆದರೆ ನೀನು ಬೀಜದ ಗೋಡೌನಿನಲ್ಲಿ ಕೂತು ಕೆಮ್ಮಿದರೆ ಪುಟ್ಟಕ್ಕನಿಗೆ ಮಾತು ಬರುವುದಿಲ್ಲ. ಓದು ಮುಗಿಸು ತಾಯಿ. ಇಪ್ಪತ್ತೈದರ ಒಳಗೆ ಬಾ, ಬಸವೇಶ ಫಾರ್ಮು ತುಂಬಿ ಇಟ್ಟಿದ್ದಾನೆ, ನಿನ್ನ ಸಹಿ ಒಂದು ಬಾಕಿ. ಮಾವನಿಗೂ ಅತ್ತೆಗೂ ನನ್ನ ಶರಣು ಹೇಳು. ನಿಮ್ಮಮ್ಮ ಹುರಿಹಿಟ್ಟು ಮಾಡಿ ಡಬ್ಬಿಗೆ ಹಾಕಿದ್ದಾಳೆ, ಯಾರಾದರೂ ಅತ್ತ ಬರುವವರಿದ್ದರೆ ಕಳಿಸುತ್ತೇನೆ. ಹೊಟ್ಟೆ ತುಂಬ ಊಟ ಮಾಡು, ದೇವರು ನಿನಗೆ ನನಗಿಂತ ಗಟ್ಟಿಯಾದ ಮನಸ್ಸು ಕೊಡಲಿ.

ನಿನ್ನ ಅಜ್ಜಿ,
ಸರ್ವಮಂಗಳ

ತಡಿ, ಇನ್ನೊಂದು ಬರೆಯುವುದಿದೆ. ಬಸವೇಶ ಪೇಟೆಗೆ ಹೊರಟು ಬೈಕು ತೆಗೆದಿದ್ದಾನೆ, ಕಾಗದ ಕೊಡಮ್ಮ ಎನ್ನುತ್ತಿದ್ದಾನೆ, ಅವಸರದಲ್ಲೇ ಬರೆದುಬಿಡುತ್ತೇನೆ, ನಿಧಾನವಾದರೆ ನಾನು ಬರೆಯುವವಳಲ್ಲ. ಏರಿ ಮೇಲಿನ ವೀಡಿಯೊಗೆ ಪುಟ್ಟಕ್ಕ ಹೂಂ ಅಂದಿರಲಿಲ್ಲ. ಆವತ್ತು ನೀನು ಪ್ರಾಕ್ಟಿಕಲ್ ಪರೀಕ್ಷೆಗೆ ಬಸ್ಸು ಹಿಡಿಯಲು ಓಡುತ್ತಾ, ‘ನೀನೇ ಪುಟ್ಟಕ್ಕನ್ನ ಕೇಳ್ಕಂಡು ಹೇಳಜ್ಜಿ, ಹೂಂ ಅಂದ್ರೆ ಹಾಕಾಣ, ಇಲ್ಲ ಅಂದ್ರೆ ಬ್ಯಾಡ’ ಎಂದು ಹೇಳಿಹೋಗಿದ್ದೆ. ಸಂಜೆ ನೀನು ಬಂದು ವಿಚಾರಿಸಿದಾಗ, ‘ಕೇಳಿದೆ, ಹೂಂ ಅಂದಳು’ ಎಂದೆ. ನಾನು ಕೇಳಿಯೇ ಇರಲಿಲ್ಲ. ಅವಳು ಆ ಹೊತ್ತು ನಮ್ಮ ಕೊಟ್ಟಿಗೆಯಲ್ಲೇ ಸಗಣಿ ಬಾಚುತ್ತಿದ್ದಳು, ನನ್ನಿಂದ ಹತ್ತು ಹೆಜ್ಜೆ. ಮರೆತೆ ಎಂದರೆ ಸುಳ್ಳಾಗುತ್ತದೆ. ನಲವತ್ತು ವರ್ಷದಲ್ಲಿ ನಾನು ಅವಳಿಗೆ ಹೇಳಿದ್ದೇನೆ, ಕಳಿಸಿದ್ದೇನೆ, ಕೊಟ್ಟಿದ್ದೇನೆ, ಒಂದು ದಿನ ಯಾವುದನ್ನೂ ಕೇಳಿರಲಿಲ್ಲ. ಅವಳನ್ನೇನು ಕೇಳುವುದು ಎಂದುಕೊಂಡೆ. ಹನುಮೇಶ ಅಂಗಳದಲ್ಲಿ ನಿಂತು ಯಾರನ್ನು ಕೇಳಿ ಹಾಕಿದಿರಿ ಎಂದಾಗ ನೀನು ಒಂದು ಸಲ ನನ್ನ ಮುಖ ನೋಡಿದೆ. ನಾನು ಮೊರ ಎತ್ತಿಕೊಂಡು ಅಕ್ಕಿ ಆರಿಸುವುದಕ್ಕೆ ಕೂತೆ. ಪುಟ್ಟಕ್ಕ ಒಪ್ಪಿ ಮಗನ ಎದುರು ಇಲ್ಲ ಅನ್ನುತ್ತಿದ್ದಾಳೆ ಎಂದುಕೊಂಡು, ಅವಳ ಮರ್ಯಾದೆ ಉಳಿಸುವುದಕ್ಕೆ ನೀನು ತಪ್ಪನ್ನು ಮೈಮೇಲೆ ಹಾಕಿಕೊಂಡೆ. ಒಂದು ವರ್ಷ ನಾನು ಇದನ್ನು ಮುಚ್ಚಿಟ್ಟೆ. ಎರಡು ಸಲ ಪುಟ್ಟಕ್ಕನ ಬಾಗಿಲವರೆಗೂ ಹೋಗಿದ್ದೆ. ಅವಳು ಎದ್ದು ಸೆರಗು ಹೊದ್ದು ‘ಏನಮ್ಮ, ಕರಿಸಿದ್ರೆ ನಾನೇ ಬರ್ತಿದ್ನಲ್ಲ’ ಎಂದಳು. ಸುಮ್ಮನೆ ನೋಡಿಕೊಂಡು ಹೋಗೋಣ ಎಂದು ಬಂದೆ ಎಂದು ಹೇಳಿ ವಾಪಸು ಬಂದೆ. ನನ್ನ ಕೈಯಲ್ಲಿ ಆಗುವುದಿಲ್ಲ ಕಾವ್ಯಾ. ಈ ಕಾಗದವನ್ನು ನೀನು ಹನುಮೇಶನಿಗೆ ಓದಿ ಹೇಳು.